ಗಡ್ಡದ ಓತಿಗೆ ನೀರು ಕುಡಿಸಿದ ಬೊಮ್ಮಕ್ಕ

ಬಹಳ ಹಿಂದೆ, ಸುತ್ತಲೂ ಮರಳುಗಾಡಿದ್ದ ಕೆಂಬಾರೆ ಎಂಬ ರಾಜ್ಯವನ್ನು ಚಂದ್ರಕೀರ್ತಿ ಎಂಬ ರಾಜ ಆಳುತ್ತಿದ್ದ. ಅವನು ಮೊಳದುದ್ದದ ಒಂದು ಗಡ್ಡದ ಓತಿಯನ್ನು ಸಾಕಿದ್ದ. ಅದು ತನ್ನ ಮುಳ್ಳುಗಡ್ಡವನ್ನು ಉಬ್ಬಿಸಿ ಕಪ್ಪಾಗಿಸಿದರೆ ಎಂಥ ಮಾಟವೂ ಮುರಿದು ಬೀಳುತ್ತಿತ್ತು. ಅದಕ್ಕೇ ಮರಳುಗಾಡಿನ ಮಾಂತ್ರಿಕ ಉರಿಗಣ್ಣ ಆ ಕಡೆ ಸುಳಿಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಓತಿ ಮಂಕಾಯಿತು. ಕಣ್ಣುಗಳು ಗುಳಿಬಿದ್ದವು, ಚರ್ಮ ಸುಕ್ಕುಗಟ್ಟಿತು. ಚಿನ್ನದ ಬಟ್ಟಲಲ್ಲಿ ನೀರಿಟ್ಟರೂ ಅದು ತಿರುಗಿ ನೋಡಲಿಲ್ಲ. ಸುದ್ದಿ ತಿಳಿದ ಉರಿಗಣ್ಣ, ಮೂರೇ ದಿನದಲ್ಲಿ ಊರನ್ನು ಮರಳಿನ ದಿಬ್ಬವಾಗಿಸುತ್ತೇನೆಂದು ಹೇಳಿಕಳಿಸಿದ. ಓತಿಯನ್ನು ಉಳಿಸಬಲ್ಲವರು ಬರಲಿ ಎಂದು ರಾಜ ಡಂಗುರ ಹೊಡೆಸಿದ.

ವೀಳ್ಯದೆಲೆ ಮಾರುವ ಬೊಮ್ಮಕ್ಕ ಅರಮನೆಗೆ ಬಂದಾಗ ಆಸ್ಥಾನದ ವೈದ್ಯ ಓತಿಯ ಬಾಯಿ ಬಿಡಿಸಿ, ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಿಂದ ನೀರು ಸುರಿಯಲು ಹೊರಟಿದ್ದ. ಬೊಮ್ಮಕ್ಕ ಅವನ ಕೈ ಹಿಡಿದಳು.

"ಬೇಡಿ ಪಂಡಿತರೇ. ನೀರು ಉಸಿರಿನ ದಾರಿ ಹಿಡಿದರೆ ಜೀವ ಹೋಗುತ್ತದೆ."

ನಿನಗೇನು ಗೊತ್ತು ಎಂದು ರಾಜ ಕೇಳಿದ. ತಾನು ದಿನವಿಡೀ ಎಲೆಗಳಿಗೆ ನೀರು ಚಿಮುಕಿಸುವವಳು, ಅಂಗಡಿಯ ಗೋಡೆಯ ಓತಿಗಳು ಜಾರುವ ಹನಿಗಳನ್ನು ನೆಕ್ಕುತ್ತವೆ, ಕೊಡದ ಹತ್ತಿರ ಒಂದೂ ಬರುವುದಿಲ್ಲ ಎಂದಳು.

"ಮಹಾಸ್ವಾಮಿ, ನಿಂತ ನೀರು ಇದಕ್ಕೆ ನೀರೆಂದೇ ತಿಳಿಯುವುದಿಲ್ಲ. ಅಲುಗುವ ಹನಿ ಬೇಕು."

ಮೊದಲ ದಿನ ಉರಿಗಣ್ಣ ಬಿಸಿಗಾಳಿ ಬಿಟ್ಟ. ಊರಿನ ಬಾವಿಗಳು ಬತ್ತಿದವು. ಬೊಮ್ಮಕ್ಕ ತನ್ನ ಕೊಡದ ನೀರಲ್ಲಿ ಎಲೆಯ ತುದಿ ಅದ್ದಿ ಓತಿಯ ಮೂತಿಯ ಮೇಲೆ ಹನಿ ಬೀಳಿಸಿದಳು. ಒಂದು, ಎರಡು, ಮೂರು. ಮಧ್ಯಾಹ್ನದವರೆಗೂ ಬೀಳಿಸಿದಳು. ಕೊನೆಗೆ ಓತಿ ನಾಲಿಗೆ ಚಾಚಿ ನೆಕ್ಕಿತು.

ಎರಡನೆಯ ದಿನ ಉರಿಗಣ್ಣ ಮರಳಿನ ಹಾವುಗಳನ್ನು ಕಳಿಸಿದ. ಅವು ಕೋಟೆಯ ಗೋಡೆ ಹತ್ತಿದವು. ಸೈನಿಕರು ಗೋಡೆಯ ಮೇಲೆ ಹೋರಾಡಿದರು. ಒಳಗೆ ಬೊಮ್ಮಕ್ಕ ಅಗಲದ ಪರಾತದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಭುಜ ಮುಳುಗದಂತೆ ಓತಿಯನ್ನು ಇಳಿಸಿ, ಕೈ ಬಿಡದೆ ಪಕ್ಕದಲ್ಲೇ ಕುಳಿತಳು. ಗುಳಿಬಿದ್ದ ಕಣ್ಣುಗಳು ತುಂಬಿಕೊಂಡವು.

ಮೂರನೆಯ ದಿನ ಉರಿಗಣ್ಣ ತಾನೇ ಬಂದ. ಅವನು ಕಾಲಿಟ್ಟಲ್ಲೆಲ್ಲ ಕಲ್ಲು ಮರಳಾಯಿತು. ಹೆಬ್ಬಾಗಿಲು ಪುಡಿಪುಡಿಯಾಗಿ ಉದುರಿತು. ಬೊಮ್ಮಕ್ಕ ತೊಳೆದ ಎಳೆ ನುಗ್ಗೆಸೊಪ್ಪನ್ನು ಹನಿ ಒರೆಸದೆ ಓತಿಯ ಮುಂದೆ ಹಿಡಿದಳು. ಅದು ಕರಕರನೆ ತಿಂದಿತು. ಮತ್ತೆ ಬೇಕೆಂದು ತಲೆ ಎತ್ತಿತು. ಅವಳು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾಂತ್ರಿಕನಿಗೆ ಎದುರಾಗಿ ನಡೆದಳು.

"ದಾರಿ ಬಿಡು ಹೆಂಗಸೇ," ಎಂದ ಉರಿಗಣ್ಣ.

"ಬಿಡುವುದಿಲ್ಲ," ಎಂದಳು ಬೊಮ್ಮಕ್ಕ.

ಓತಿ ಗಡ್ಡ ಉಬ್ಬಿಸಿತು. ಗಡ್ಡ ಇದ್ದಿಲಿನಂತೆ ಕಪ್ಪಾಯಿತು. ಉರಿಗಣ್ಣನ ಕಣ್ಣಿನ ಬೆಂಕಿ ಆರಿತು, ಮಂತ್ರದಂಡ ಹುಡಿಯಾಯಿತು. ಹಾವುಗಳು ಮರಳಾಗಿ ಉದುರಿದವು, ಬಾವಿಗಳಲ್ಲಿ ನೀರು ಉಕ್ಕಿತು. ಮಂತ್ರ ಕಳೆದುಕೊಂಡ ಮಾಂತ್ರಿಕ ಮರಳುಗಾಡಿನೊಳಗೆ ಓಡಿಹೋದ. ಮತ್ತೆಂದೂ ಯಾರ ಕಣ್ಣಿಗೂ ಬೀಳಲಿಲ್ಲ.

ಜನ ಬೊಮ್ಮಕ್ಕನನ್ನು ಆನೆಯ ಮೇಲೆ ಮೆರೆಸಿದರು. ರಾಜ ಅವಳನ್ನು ಓತಿಯ ಪಾಲಕಿಯಾಗಿ ಮಾಡಿದ. ವೈದ್ಯ ಸಂಕೋಚ ಬಿಟ್ಟು ಅವಳ ಬಳಿ ಕಲಿತ. ಓತಿ ಇನ್ನೂ ಹನ್ನೆರಡು ವರ್ಷ ಬಾಳಿತು. ಅಷ್ಟು ವರ್ಷವೂ ಕೆಂಬಾರೆಯ ಜನ ಬಾಗಿಲಿಗೆ ಅಗುಳಿ ಹಾಕದೆ ನೆಮ್ಮದಿಯಾಗಿ ಮಲಗಿದರು.