ನೋವಿಗೆ ಎಂಟು ಅಂಕ

"ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

"ಎಂಟು," ಎಂದ ಲೋಡರ್, ನಗುನಗುತ್ತಾ.

ಎಂಟು ನೋವಿನವನು ಹೀಗೆ ನಗುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಬೆನ್ನೆಲುಬಿನ ಆಪರೇಷನ್ ಆದವರನ್ನು ಎದುರಿಗೆ ಕೂರಿಸಿಕೊಂಡು, ಪ್ರಶ್ನೆ ಕೇಳಿ ಫಾರ್ಮ್ ತುಂಬುವುದು ಆಸ್ಪತ್ರೆಯಲ್ಲಿ ಅವಳ ಕೆಲಸ.

ಹನ್ನೊಂದು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಅವನ ಸೊಂಟದ ಎರಡು ಡಿಸ್ಕ್ ಸವೆದುಹೋಗಿದ್ದವು. ಮಾಲು ಜಾರಿಬಿದ್ದರೆ ವಿಚಾರಣೆ ನಡೆಸುವ ಗೋದಾಮು, ಮನುಷ್ಯನ ಬೆನ್ನು ಮುರಿದರೆ ಇನ್ನೊಂದು ಬೆನ್ನು ಹುಡುಕಿಕೊಳ್ಳುತ್ತದೆ. ಡಾಕ್ಟರು ಕೆಳಗಿನ ಕೀಲನ್ನು ಸ್ಕ್ರೂ ಹಾಕಿ ಬೆಸೆದಿದ್ದರು. ಅದರ ಮೇಲಿನದಕ್ಕೆ ಬಾಗಿ ಬಳುಕುವ ಕೃತಕ ಡಿಸ್ಕ್ ಕೂರಿಸಿದ್ದರು. ಹೀಗೆ ಒಂದನ್ನು ಕಟ್ಟಿ ಒಂದನ್ನು ಆಡಲು ಬಿಟ್ಟರೆ ಮನುಷ್ಯ ಹೇಗಿರುತ್ತಾನೆ ಎಂದು ತಿಳಿಯಲೆಂದೇ ಆ ಫಾರ್ಮು. ನೋವು ಇಳಿದವರು ವರ್ಷಕ್ಕೊಮ್ಮೆ ಬಂದರೆ ಸಾಕು, ಇಳಿಯದವರು ತಿಂಗಳಿಗೊಮ್ಮೆ ಬರಬೇಕು.

ಅವನು ತಿಂಗಳು ತಪ್ಪಿಸಿದವನಲ್ಲ.

"ಎಷ್ಟು ಹೊತ್ತು ಕೂತಿರೋಕೆ ಆಗುತ್ತೆ?"

"ಎದುರಿಗೆ ಯಾರು ಕೂತಿದ್ದಾರೆ ಅನ್ನೋದರ ಮೇಲೆ."

"ಫಾರ್ಮಲ್ಲಿ ಆ ಕಾಲಂ ಇಲ್ಲ."

"ಹಾಗಾದ್ರೆ ಫಾರ್ಮೇ ಸರಿ ಇಲ್ಲ ಬಿಡಿ, ಮೇಡಂ."

ಅವಳು ತಲೆ ತಗ್ಗಿಸಿ ಬರೆದಳು. ಕೆನ್ನೆ ಮಾತ್ರ ಮಾತು ಕೇಳಲಿಲ್ಲ.

ಆ ಸಂಜೆ ಬಸ್‌ಸ್ಟಾಪಿನಲ್ಲಿ ಯಾರದೋ ಚೀಲ ಹರಿದು ಈರುಳ್ಳಿ ಚೆಲ್ಲಾಪಿಲ್ಲಿಯಾಯಿತು. ಲೋಡರ್ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಆರಿಸಿ, ಮಂಡಿಗೆ ಕೈಯೂರದೆ ಎದ್ದು ನಿಂತ. ಬಸ್ಸಿನ ಕಿಟಕಿಯಿಂದ ಅವಳು ನೋಡಿದಳು. ಎದೆಯ ಭಾರ ಇಳಿಯಿತು. ಸಿಟ್ಟು ಆಮೇಲೆ ಬಂತು. ಮುಂದಿನ ತಿಂಗಳು ಅವನು ಮತ್ತೆ ಎಂಟು ಎಂದಾಗ, ಗೊತ್ತಿದ್ದೂ ಗೊತ್ತಿದ್ದೂ ಎಂಟೇ ಬರೆದಳು.

ಒಂದು ವಾರ ಕಳೆದು ಡಾಕ್ಟರು ಅವಳ ಮೇಜಿನ ಬಳಿ ನಿಂತರು. "ಗೋದಾಮಿನವರು ಅವನ ರಿಪೋರ್ಟ್ ಕೇಳ್ತಿದ್ದಾರಮ್ಮ. ವಾಸಿಯಾಗಿದ್ದರೆ ಉಳಿದವರಿಗೂ ಇದೇ ಆಪರೇಷನ್ ಮಾಡಿಸ್ತಾರಂತೆ. ಇಲ್ಲದಿದ್ದರೆ ಸೊಂಟ ಹೋದವರನ್ನ ಮನೆಗೆ ಕಳಿಸ್ತಾರಂತೆ. ಎಕ್ಸ್‌ರೇ ನೋಡಿದ್ರೆ ಎಲ್ಲಾ ಸರಿಯಾಗೇ ಇದೆ. ಈ ಎಂಟು ಎಲ್ಲಿಂದ ಬಂತೋ."

ಅವಳು ಅವನಿಗೆ ಫೋನ್ ಮಾಡಿ ಅಂದೇ ಕರೆಸಿದಳು.

"ನಿಜ ಹೇಳಿ. ಎಷ್ಟು?"

ಅವನು ಅವಳ ಮುಖ ನೋಡಿದ. ತಮಾಷೆ ತುಟಿಯಲ್ಲೇ ಸತ್ತಿತು. "ಎರಡು. ಕೆಲವು ದಿನ ಅದೂ ಇರಲ್ಲ."

"ಮತ್ತೆ?"

"ಎರಡು ಅಂದಿದ್ರೆ ವರ್ಷಕ್ಕೊಂದು ಸಲ ಬಾ ಅಂತಿದ್ರಿ. ಒಂದು ವರ್ಷ ಅಂದ್ರೆ ಸುಮ್ನೆನಾ?"

"ನಿಮ್ಮ ಪಕ್ಕದಲ್ಲಿ ಪೆಟ್ಟಿಗೆ ಎತ್ತೋ ಅಣ್ಣ, ಬೂಟು ಹಾಕೋಕೂ ಹೆಂಡ್ತೀನ ಕರೀತಾರೆ ಅಂದಿದ್ರಲ್ಲ. ನಿಮ್ಮ ಎಂಟು ನೋಡಿ ಅವರನ್ನ ಮನೆಗೆ ಕಳಿಸ್ತಾರಂತೆ."

ಅವನ ಮುಖ ಬಿಳಿಚಿಕೊಂಡಿತು. ಕುರ್ಚಿಯಿಂದ ಎದ್ದು ನಿಂತ.

"ಡಾಕ್ಟರ ಹತ್ರ ನಾನೇ ಹೋಗ್ತೀನಿ. ನಿಮಗೇನೂ ಗೊತ್ತಿರಲಿಲ್ಲ ಅಂತೀನಿ."

"ಇನ್ನೊಂದು ಸುಳ್ಳು ಬೇಡ. ನಾನೂ ಕಣ್ಣಾರೆ ನೋಡಿ ಎಂಟು ಬರೆದವಳೇ."

"ಯಾಕೆ ಬರೆದ್ರಿ?"

"ನನಗೂ ವರ್ಷ ಉದ್ದ ಅನ್ನಿಸ್ತು."

ಇಬ್ಬರೂ ಒಟ್ಟಿಗೇ ಹೋಗಿ ಹೇಳಿದರು. ಡಾಕ್ಟರು ಗದರಿದರು, ಫಾರ್ಮ್ ತಿದ್ದಿಸಿ ಇಬ್ಬರ ಸಹಿಯನ್ನೂ ಹಾಕಿಸಿದರು. ಗೋದಾಮಿಗೆ ನಿಜವಾದ ರಿಪೋರ್ಟು ಹೋಯಿತು. ಅವಳನ್ನು ಮಾತ್ರ ಪ್ರಶ್ನೆಯ ಮೇಜಿನಿಂದ ಎಬ್ಬಿಸಿ ಕಡತಗಳ ಕೋಣೆಗೆ ಹಾಕಿದರು. ಅಲ್ಲಿಗೆ ರೋಗಿಗಳು ಬರುವ ಹಾಗಿಲ್ಲ.

ಮೆಟ್ಟಿಲ ಬಳಿ ಅವನು ನಿಂತೇ ಇದ್ದ. "ನನ್ನಿಂದ ನಿಮ್ಮ ಕುರ್ಚಿ ಹೋಯ್ತು. ಇನ್ನು ಯಾವ ನೆಪ ಹೇಳ್ಕೊಂಡು ಬರಲಿ?"

"ನೆಪ ಯಾಕೆ? ಭಾನುವಾರ ಮನೆಗೆ ಬನ್ನಿ. ಅಮ್ಮನ ಹತ್ರ ನನಗಿಂತ ಜಾಸ್ತಿ ಪ್ರಶ್ನೆ ಇವೆ."

"ಏನಂತ ಹೇಳಲಿ ಅವರಿಗೆ?"

"ನನ್ನ ಮಗಳನ್ನ ಯಾಕೆ ಕೇಳ್ತಿದ್ದೀಯ ಅಂತಾರೆ. ಅದಕ್ಕೆ ಉತ್ತರ ನಾನು ಬರೆದುಕೊಡೋಕಾಗಲ್ಲ."

ಅವನು ಇಳಿಯುತ್ತಾ ಇಳಿಯುತ್ತಾ ಮೂರು ಸಲ ತಿರುಗಿ ನೋಡಿದ. ಅವಳು ಅಲ್ಲಿಂದ ಕದಲಲಿಲ್ಲ.