ನೀಲಿಯ ಕೆಳಗಿನ ಬಣ್ಣ

ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಾಗ ಸೌಜನ್ಯಳ ಕಣ್ಣುಗಳು ಊದಿಕೊಂಡಿದ್ದವು. "ಮೇಡಂ, ಯಾರೋ ಆ ತಗಡನ್ನ ಪೂರ್ತಿ ಕೆರೆದುಬಿಟ್ಟಿದ್ದಾರೆ. ನನ್ನ ಕೆಲಸ ಎಲ್ಲಾ ಹೋಯ್ತು," ಎಂದಳು.

ನನ್ನ ಅತ್ತಿಗೆ ಅಲಮೇಲು ಪೊಲೀಸರ ವಿಧಿವಿಜ್ಞಾನ ಪ್ರಯೋಗಾಲಯದಿಂದ ನಿವೃತ್ತರಾದವರು. ಸುತ್ತಲಿನ ಜನ ಪೊಲೀಸರಿಗಿಂತ ಮೊದಲು ಅವರ ಬಳಿ ಬರುತ್ತಿದ್ದರು. ಕಾರು ಓಡಿಸುವುದು ನನ್ನ ಪಾಲು.

ಎರಡನೇ ಮಹಾಯುದ್ಧದ ಕಾಲದಲ್ಲಿ ಜಂಗಮಕೋಟೆಯ ಬಳಿ ಒಂದು ಯುದ್ಧವಿಮಾನ ಬಿದ್ದಿತ್ತು. ಅಂಥದ್ದೇ ವಿಮಾನವೊಂದಕ್ಕೆ ಅಂದಿನ ಬಣ್ಣವನ್ನೇ ಬಳಿಯಬೇಕೆಂದು ಮ್ಯೂಸಿಯಂ ಒಂದು ಸೌಜನ್ಯಳನ್ನು ಸಂಶೋಧನೆಗೆ ನೇಮಿಸಿತ್ತು. ಸಿಕ್ಕ ಫೋಟೋಗಳೆಲ್ಲ ಕಪ್ಪು ಬಿಳುಪು. ಉಳಿದಿದ್ದುದು ರೆಕ್ಕೆಯ ಒಂದೇ ತಗಡು. ಅದು ಅಲ್ಲಿನ ರೈತ ಮುನಿಗಂಗಪ್ಪನವರ ರೇಷ್ಮೆಹುಳು ಮನೆಯೊಳಗೆ ಅಡ್ಡಗೋಡೆಯಾಗಿತ್ತು. ಮೇಲೆ ನೀಲಿ ಪೇಂಟ್ ಬಳಿದಿದ್ದರಿಂದ ಮೂಲ ಬಣ್ಣ ಅದರಡಿ ಭದ್ರವಾಗಿತ್ತು. ಮುನಿಗಂಗಪ್ಪ ಒಪ್ಪಿದ್ದರು, ಸೌಜನ್ಯ ಆ ದಿನ ನೀಲಿಯನ್ನು ತೆಗೆಯಬೇಕಿತ್ತು.

ಅವಳ ಮೊಬೈಲಿನಲ್ಲಿದ್ದ ತಗಡಿನ ಫೋಟೋವನ್ನು ಅತ್ತಿಗೆ ದೊಡ್ಡದು ಮಾಡಿ ನೋಡಿದರು. ನೀಲಿಯ ಒಂದು ಮೂಲೆಯಲ್ಲಿ ಪುಟ್ಟ ಕೈಗುರುತಿತ್ತು.

ನಾವು ಜಂಗಮಕೋಟೆಗೆ ಹೋದಾಗ ಮುನಿಗಂಗಪ್ಪ, ಹಳೇ ಸಾಮಾನು ಕೊಳ್ಳುವ ಮಧುಸೂದನ್‌ನ ಕೊರಳಪಟ್ಟಿ ಹಿಡಿದಿದ್ದರು.

"ತಗಡು ಕೊಡಲ್ಲ ಅಂದಿದ್ದಕ್ಕೆ ಹೊಟ್ಟೆಉರಿ ಇವ್ನಿಗೆ! ನಿನ್ನೆ ನಾನು ಚಿಂತಾಮಣಿಗೆ ಹೋಗಿದ್ದಾಗ ಇಲ್ಲೇ ಬೈಕಲ್ಲಿ ಸುತ್ತಾಡ್ತಿದ್ದ. ಪೊಲೀಸ್ನೋರಿಗೆ ಫೋನ್ ಮಾಡಿದೀನಿ ಅಮ್ಮಾವ್ರೇ."

"ದೇವರಾಣೆ ನಾನು ಮುಟ್ಟಿಲ್ಲ," ಎಂದ ಮಧುಸೂದನ್, ಕೊರಳಪಟ್ಟಿ ಬಿಡಿಸಿಕೊಳ್ಳುತ್ತಾ.

ಹುಳುಮನೆಯಲ್ಲಿ ಪೇಂಟ್ ಕರಗಿಸುವ ಥಿನ್ನರ್ ವಾಸನೆ ಇನ್ನೂ ಗಾಢವಾಗಿತ್ತು. ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಅತ್ತಿಗೆ ಭೂತಗನ್ನಡಿ ಹಿಡಿದು ಮೊಳೆಗಳ ಸಂದಿಯನ್ನೂ ಬಿಡದೆ ನೋಡಿದರು. ಬಣ್ಣದ ಒಂದು ಕಣವೂ ಇರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಚಾಕುವಿನಿಂದ ಚೌಕವಾಗಿ ಕೊಯ್ದ ಗೆರೆಗಳಿದ್ದವು. ಹುಳುಗಳ ತಟ್ಟೆಗಳೆಲ್ಲ ಮನೆಯ ಜಗಲಿಯಲ್ಲಿದ್ದವು. ಹುಳುಗಳು ಸೊಪ್ಪು ಮೇಯುತ್ತಿದ್ದವು. ಮುನಿಗಂಗಪ್ಪನವರ ಹೆಂಡತಿ ಅಮ್ಮಾಜಮ್ಮ ನಮಗೆ ನೀರು ತಂದುಕೊಟ್ಟರು. ಅವರ ಬೆರಳ ತುದಿಗಳು ಬಿಳಿಚಿ ಸಿಪ್ಪೆ ಏಳುತ್ತಿದ್ದವು. ಒಳಗಿನ ಗೋಡೆಯ ಮೇಲೆ ಒಬ್ಬ ಹುಡುಗನ ಫೋಟೋ, ಅದಕ್ಕೊಂದು ಹಾರ.

ಅತ್ತಿಗೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದರು. ಪೊಲೀಸರು ಬರುತ್ತಿರದಿದ್ದರೆ ಅವರು ಬಾಯಿ ಬಿಡುತ್ತಿರಲಿಲ್ಲವೆಂದು ನನಗೆ ಈಗಲೂ ಅನಿಸುತ್ತದೆ.

"ಥಿನ್ನರ್ ವಾಸನೆಗೆ ಹುಳು ಸಾಯುತ್ತೆ. ಇದನ್ನ ಮಾಡಿದವರು ಮೊದಲು ಹುಳುಗಳನ್ನ ಹೊರಗಿಟ್ಟು ಸೊಪ್ಪು ಹಾಕಿದಾರೆ. ಸೇಡಿಗೆ ಬಂದವನಿಗೆ ಆ ಕರುಣೆ ಎಲ್ಲಿಂದ? ಮಧುಸೂದನ್ ಅಲ್ಲ, ಮನೆಯವರೇ. ಮುನಿಗಂಗಪ್ಪನವರು ಊರಲ್ಲಿರಲಿಲ್ಲ. ಇನ್ನು ಆ ಚೌಕ. ಫೋಟೋದಲ್ಲಿ ಅದೇ ಜಾಗದಲ್ಲಿ ಮಗುವಿನ ಕೈಗುರುತಿದೆ. ಮಾಡಿದವರಿಗೆ ಕೆಡಿಸೋ ಮನಸ್ಸಿರಲಿಲ್ಲ, ಅದೊಂದನ್ನ ಉಳಿಸಿಕೊಳ್ಳೋ ಆಸೆ ಇತ್ತು. ಥಿನ್ನರ್ ತಾಗಿದ ಬೆರಳು ಹೀಗೇ ಸಿಪ್ಪೆ ಏಳುತ್ತೆ, ಅಮ್ಮಾಜಮ್ಮನೋರೇ."

ಮುನಿಗಂಗಪ್ಪ ಹೆಂಡತಿಯತ್ತ ತಿರುಗಿದರು. ಅಮ್ಮಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಬಣ್ಣ ಬಳಿದ ದಿನ ನಮ್ಮ ಸುನೀಲ ಹಸಿ ಪೇಂಟಿಗೆ ಕೈ ಒತ್ತಿದ್ದ. ಆ ವರ್ಷಾನೇ ಜ್ವರದಾಗೆ ಹೋದ. ನೀಲಿ ಎಲ್ಲಾ ತೆಗಿಯೋಕೆ ಇವರು ಹೂಂ ಅಂದ್ಬಿಟ್ರು, ನನ್ನ ಒಂದು ಮಾತೂ ಕೇಳ್ಲಿಲ್ಲ. ಥಿನ್ನರ್ ಹಚ್ಚಿದ್ರೆ ಬಣ್ಣ ಎದ್ದು ಬರ್ತೈತೆ ಅಂತ ಅಂಗಡಿಯೋರು ಅಂದ್ರು. ಹಾಳೆ ಥರ ಬರ್ತೈತೆ ಅಂದ್ಕೊಂಡೆ. ಕರಗೋಯ್ತು. ನನ್ನ ಕೈಯಾಗೇ ಕರಗೋಯ್ತು. ಆಮೇಲೆ ದಿಗಿಲಾಗಿ, ಕಳ್ಳರು ಮಾಡಿದ್ರು ಅನ್ಕೊಳ್ಳಲಿ ಅಂತ ಎಲ್ಲಾ ಉಜ್ಜಿಬಿಟ್ಟೆ."

"ಒರೆಸಿದ ಬಟ್ಟೆ? ಅದರಲ್ಲಾದ್ರೂ ಹಳೇ ಬಣ್ಣ ಉಳಿದಿರುತ್ತೆ." ಅತ್ತಿಗೆಯ ದನಿ ಸಣ್ಣದಾಗಿತ್ತು.

"ಒಲೆಗೆ ಹಾಕ್ದೆ."

ಮುನಿಗಂಗಪ್ಪ ಮಧುಸೂದನ್‌ನ ಕೈ ಹಿಡಿದುಕೊಂಡು ಅತ್ತರು. ಸೌಜನ್ಯ ಎದ್ದು ಅಮ್ಮಾಜಮ್ಮನ ಪಕ್ಕ ಕೂತಳು.

"ಅಮ್ಮಾ, ಅದನ್ನ ನೋಡಿದವರು ನೀವೊಬ್ಬರೇ. ನೀಲಿ ಕೆಳಗೆ ಯಾವ ಬಣ್ಣ ಇತ್ತು? ಹಸಿರೋ, ಮಣ್ಣಿನ ಬಣ್ಣಾನೋ, ಏನಾದ್ರೂ ನೆನಪಿದೆಯಾ?"

ಅಮ್ಮಾಜಮ್ಮ ಇಲ್ಲವೆಂದು ತಲೆಯಾಡಿಸಿದರು.

"ನೋಡ್ಲಿಲ್ಲ ಕಣಮ್ಮ. ನಾನು ಆ ಕೈನೇ ನೋಡ್ತಿದ್ದೆ."