ಮೇಜಿನ ಮೇಲಿದ್ದ ಪ್ಲಗ್

“ಅಯ್ಯಯ್ಯಪ್ಪಾ!”

ಅಜ್ಜಿ ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಹಿಂದೆಯೇ ಏನೋ ಠಣ್ ಎಂದು ನೆಲಕ್ಕೆ ಬಿತ್ತು.

ಒಳಗಿನ ಕೋಣೆಯಲ್ಲಿ ಸೈನ್ಸ್ ಮಾಡೆಲನ್ನು ಬ್ಯಾಗಿಗೆ ತುರುಕುತ್ತಿದ್ದ ಪಿಟೀಲು ಕಲ್ಲಾಗಿ ನಿಂತಳು. ಪಿಟೀಲು ಅವಳ ನಿಜವಾದ ಹೆಸರಲ್ಲ. ಎದ್ದಾಗಿನಿಂದ ಮಲಗುವವರೆಗೆ ಕುಯ್ಯುತ್ತಲೇ ಇರುತ್ತಾಳೆ ಅಂತ ಅಜ್ಜಿ ಇಟ್ಟ ಅಡ್ಡಹೆಸರು. ವಯಸ್ಸು ಹತ್ತು, ಮಾತು ನೂರು.

ಓಡಿಬಂದು ನೋಡಿದರೆ, ಕಿಟಕಿ ಪಕ್ಕದ ಕೆಲಸದ ಮೇಜಿನ ಮುಂದೆ ಅಜ್ಜಿ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ನೆಲಕ್ಕೆ ಬಿದ್ದು, ಪ್ಲಾಸ್ಟಿಕ್ ಮ್ಯಾಟು ಸುಟ್ಟ ವಾಸನೆ ಬರುತ್ತಿತ್ತು. ಅಜ್ಜಿಯ ಅಂಗೈಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ನೋಡನೋಡುತ್ತಿದ್ದಂತೆ ಅದರ ಸುತ್ತ ಕೆಂಪಾಗಿ ಉಬ್ಬಿತು.

“ಅತ್ತೇ, ಏನಾಯ್ತು?” ಓಡಿಬಂದ ಅಮ್ಮ ಕೈ ನೋಡಿದವಳೇ ಟೂತ್‌ಪೇಸ್ಟ್ ತಂದಳು.

“ಪೇಸ್ಟು ಹಲ್ಲಿಗೆ ಕಣಮ್ಮಾ, ಸುಟ್ಟ ಗಾಯಕ್ಕಲ್ಲ! ನಲ್ಲಿ ಬಿಡು, ನಲ್ಲಿ!” ಅಂಥ ನೋವಲ್ಲೂ ಅಜ್ಜಿ ಗದರಿದಳು.

ಇಪ್ಪತ್ತು ನಿಮಿಷ ಅಜ್ಜಿಯ ಕೈ ನಲ್ಲಿಯ ಕೆಳಗಿತ್ತು. ಪಿಟೀಲು ಬಾಗಿಲಿಗೆ ಅಂಟಿಕೊಂಡು ನಿಂತೇ ಇದ್ದಳು. ಐರನ್ ಯಾಕೆ ಬಿಸಿಯಾಗಿತ್ತು ಅನ್ನುವುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅಜ್ಜಿ ರೇಡಿಯೊ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಬೆಸುಗೆ ಹಾಕಿದವಳು. ರಿಟೈರ್ ಆದ ಮೇಲೂ ಕೈ ಸುಮ್ಮನಿರಬೇಕಲ್ಲ! ಬೀದಿಯವರ ರೇಡಿಯೊ, ಟಾರ್ಚು, ಮಕ್ಕಳ ರಿಮೋಟ್ ಕಾರು, ಕೆಟ್ಟದ್ದೆಲ್ಲಾ ಅವಳ ಮೇಜಿಗೇ ಬರುತ್ತಿತ್ತು.

ಫ್ಯಾಕ್ಟರಿಯಿಂದ ಅವಳು ಒಂದು ಪದ್ಧತಿ ತಂದಿದ್ದಳು. ಕೆಲಸ ಮುಗಿದ ಕೂಡಲೇ ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪ್ಲಗ್ ಕಿತ್ತು, ಮೇಜಿನ ಕೆಳಗೆ ನೇತಾಡಲು ಬಿಡಬೇಕು. ಸ್ವಲ್ಪ ಹೊತ್ತಾದ ಮೇಲೆ ಐರನ್ನಿನ ತುದಿಯನ್ನು ಒದ್ದೆ ಸ್ಪಾಂಜಿಗೆ ತಾಗಿಸಬೇಕು. ‘ಚುಂಯ್’ ಅಂದರೆ ಇನ್ನೂ ಕಾಯಬೇಕು. ಅನ್ನದಿದ್ದರೂ ಗಡಿಯಾರ ನೋಡಿಕೊಂಡು ಇನ್ನೂ ಹತ್ತು ನಿಮಿಷ ಬಿಡಬೇಕು. ಪೂರ್ತಿ ಆರಿದ ಮೇಲಷ್ಟೇ ಪ್ಲಗ್ಗನ್ನು ಎತ್ತಿ ಮೇಜಿನ ಮೇಲೆ, ಕಣ್ಣಿಗೆ ಕಾಣುವಂತೆ ಇಡಬೇಕು.

“ಮುಂದಿನ ಶಿಫ್ಟಿನವಳು ಬಂದು ನೋಡ್ತಾಳೆ. ಪ್ಲಗ್ ಮೇಜಿನ ಮೇಲಿದ್ರೆ ಐರನ್ ತಣ್ಣಗಿದೆ ಅಂತ ಅರ್ಥ. ಕಣ್ಮುಚ್ಕೊಂಡು ಹಿಡೀಬಹುದು,” ಎನ್ನುತ್ತಿದ್ದಳು ಅಜ್ಜಿ.

ಕೈ ಸುಟ್ಟ ಆ ಭಾನುವಾರ ಬೆಳಿಗ್ಗೆ ಪಿಟೀಲುವಿನ ಮಾಡೆಲ್‌ನಲ್ಲಿ ಬಲ್ಬಿನ ವೈರು ಕಿತ್ತುಬಂದಿತ್ತು. “ಇರು, ಮಹಡಿ ಮೇಲಿಂದ ಬಟ್ಟೆ ತಂದ್ಬಿಡ್ತೀನಿ. ಆಮೇಲೆ ಇಬ್ರೂ ಕೂತು ಬೆಸುಗೆ ಹಾಕೋಣ. ನಾನಿಲ್ದೆ ಮುಟ್ಬೇಡ,” ಎಂದು ಅಜ್ಜಿ ಹೇಳಿ ಹೋಗಿದ್ದಳು.

ಹತ್ತು ನಿಮಿಷ ಕಾಯುವುದು ಪಿಟೀಲುವಿನ ಕೈಲಿ ಆಗುವ ಕೆಲಸವೇ? ತಾನೇ ಐರನ್ ಕಾಯಿಸಿದಳು, ತಾನೇ ಬೆಸುಗೆ ಹಾಕಿದಳು. ಬಲ್ಬು ಫಕ್ಕನೆ ಹತ್ತಿತು! ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಗಡಿಬಿಡಿಯಲ್ಲಿ ಪ್ಲಗ್ ಕಿತ್ತಳು. ಅಜ್ಜಿಗೆ ಗೊತ್ತಾಗಬಾರದು, ಮುಂಚೆ ಹೇಗಿತ್ತೋ ಹಾಗೇ ಇರಬೇಕು ಅಂತ ಅದನ್ನು ಮೇಜಿನ ಮೇಲೇ ಇಟ್ಟು ಓಡಿದಳು.

ಅಜ್ಜಿ ಬಂದಳು. ಪ್ಲಗ್ ನೋಡಿದಳು. ಸವೆದ ತುದಿಯನ್ನು ಬದಲಾಯಿಸೋಣ ಅಂತ ಐರನ್ನಿನ ಲೋಹದ ಕೊಳವೆಯನ್ನೇ ಮುಷ್ಟಿಯಲ್ಲಿ ಹಿಡಿದಳು.

ಡಾಕ್ಟರ ಹತ್ತಿರ ಬ್ಯಾಂಡೇಜು ಹಾಕಿಸಿಕೊಂಡು ಬಂದ ಮೇಲೆ ಅಪ್ಪ ಕೇಳಿದ, “ಅಮ್ಮಾ, ಪ್ಲಗ್ ಮೇಜಿನ ಮೇಲಿತ್ತು ಅಂತೀಯ. ಮತ್ತೆ ಐರನ್ ಹೇಗೆ ಬಿಸಿ ಇತ್ತು?”

“ಅದೇ ಕಣೋ ಗೊತ್ತಾಗ್ತಿಲ್ಲ. ಬೆಳಿಗ್ಗೆಯಿಂದ ನಾನು ಕಾಯ್ಸೇ ಇಲ್ಲ.” ಅಜ್ಜಿ ಬ್ಯಾಂಡೇಜು ನೋಡಿಕೊಂಡಳು. “ಕಾಯ್ಸಿರ್ತೀನಿ. ನೆನಪಿಲ್ಲ.”

ಅಪ್ಪ ಮಗಳತ್ತ ತಿರುಗಿದ. “ನೀನೇನಾದ್ರೂ ಮುಟ್ಟಿದ್ಯೇನೇ?”

“ಇಲ್ಲ.”

ಆ ಮಾತು ಹೇಗೆ ಬಾಯಿಂದ ಜಾರಿತೋ ಪಿಟೀಲುವಿಗೇ ತಿಳಿಯಲಿಲ್ಲ.

“ಮಗೂನ ಯಾಕೋ ಹೆದರಿಸ್ತೀಯ?” ಎಂದಳು ಅಜ್ಜಿ. “ಮುಟ್ಬೇಡ ಅಂದಿದೀನಿ. ಅವಳು ಮುಟ್ಟಲ್ಲ.”

ಪಿಟೀಲು ಅಮ್ಮನ ಹಿಂದೆ ಸರಿದಳು.

“ಸಾಕಮ್ಮಾ,” ಎಂದ ಅಪ್ಪ. “ಇವತ್ತು ಕೈ ಸುಡ್ತು, ನಾಳೆ ಮನೇನೇ ಹೊತ್ಕೊಂಡ್ರೆ ಏನ್ಮಾಡೋದು? ಸಂಜೆ ಎಲೆಕ್ಟ್ರಿಷಿಯನ್ ಬರ್ತಾನೆ. ಈ ಸಾಮಾನೆಲ್ಲಾ ಅವನಿಗೆ ಕೊಟ್ಬಿಡೋಣ.”

ಈಗ ಬಂತು ಗುಡುಗು ಅಂತ ಎಲ್ಲರೂ ಕಾದರು. ಒಂದು ಮಾತಿಗೆ ಹತ್ತು ಮಾತು ಆಡುವ ಅಜ್ಜಿ ಅವಳು.

“ಕೊಟ್ಬಿಡು,” ಎಂದಳು ಅಜ್ಜಿ. “ನನ್ನ ತಲೇನ ನಾನೇ ನಂಬೋ ಹಾಗಿಲ್ಲ.”

ಅಮ್ಮ ಬೆಚ್ಚಿಬಿದ್ದಳು. ಅಪ್ಪ ರಟ್ಟಿನ ಡಬ್ಬ ತಂದು ಸಾಮಾನು ತುಂಬತೊಡಗಿದ.

ಮಧ್ಯಾಹ್ನ ಅಜ್ಜಿ ಕರೆದಳು. “ಪುಟ್ಟಾ, ಗ್ಯಾಸ್ ಆಫ್ ಆಗಿದ್ಯಾ ನೋಡು.”

“ಆಫ್ ಇದೆ ಅಜ್ಜಿ.”

ಐದು ನಿಮಿಷವಾಗಿರಲಿಲ್ಲ. “ಇನ್ನೊಂದ್ಸಲ ನೋಡ್ತೀಯಾ?”

ಮೂರನೆಯ ಸಲ ಅಜ್ಜಿ ತಾನೇ ಎದ್ದು ಹೋಗಿ ನೋಡಿಬಂದಳು. ಆಮೇಲೆ ಕುರ್ಚಿಯಲ್ಲಿ ಕೂತು, ಬ್ಯಾಂಡೇಜಿಲ್ಲದ ಕೈಯ ಬೆರಳು ಮಡಚುತ್ತಾ, ಫ್ಯಾಕ್ಟರಿಯಲ್ಲಿ ತನ್ನ ಸಾಲಿನಲ್ಲಿ ಕೂರುತ್ತಿದ್ದವರ ಹೆಸರುಗಳನ್ನು ಮೆಲ್ಲಗೆ ಹೇಳಿಕೊಳ್ಳತೊಡಗಿದಳು. ಆರನೆಯ ಹೆಸರು ಬರಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದಳು. ಮತ್ತೆ ಆರನೆಯದಕ್ಕೇ ನಿಂತಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಅಜ್ಜಿ ಹೆದರಿದ್ದನ್ನು ಪಿಟೀಲು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಐದು ಗಂಟೆಗೆ ಎಲೆಕ್ಟ್ರಿಷಿಯನ್ ಬಂದ. “ಇಷ್ಟೂ ನಂಗಾ? ಅಜ್ಜಿ ಐರನ್ನು ಅಂದ್ರೆ ಸುಮ್ನೇನಾ!” ಎನ್ನುತ್ತಾ ಡಬ್ಬ ಎತ್ತಿದ. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ತಗೊಂಡ್ಹೋಗ್ಬೇಡಿ ಮಾಮಾ!”

ಪಿಟೀಲು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದಳು. “ಅಜ್ಜಿ ಏನೂ ಮರ್ತಿಲ್ಲ. ನಾನೇ ಕಾಯ್ಸಿದ್ದು. ನಾನೇ ಪ್ಲಗ್ ಮೇಜಿನ ಮೇಲಿಟ್ಟಿದ್ದು. ಆರಿರ್ಲಿಲ್ಲ, ಆದ್ರೂ ಇಟ್ಟೆ. ಇಲ್ಲ ಅಂದಿದ್ದೂ ಸುಳ್ಳು.”

ಅಪ್ಪನ ಬಾಯಿ ತೆರೆದೇ ಇತ್ತು. ಎಲೆಕ್ಟ್ರಿಷಿಯನ್‌ಗೆ ಡಬ್ಬ ಇಳಿಸಬೇಕೋ ಹೊರಬೇಕೋ ತಿಳಿಯಲಿಲ್ಲ.

“ಏನಂದೆ?” ಅಜ್ಜಿ ಮೆಲ್ಲಗೆ ತಿರುಗಿದಳು. “ಇನ್ನೊಂದ್ಸಲ ಹೇಳು.”

ಪಿಟೀಲು ಇನ್ನೊಂದು ಸಲ ಹೇಳಿದಳು. ಈ ಸಲ ಅಳು ಬಂತು.

“ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ!” ಅಜ್ಜಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅವಳ ಮುಖ ಕೆಂಪಾಯಿತು.

“ಕೈ ಸುಟ್ಟಿದ್ದು ಹಾಳಾಗ್ಹೋಗ್ಲಿ. ಬಿಸಿ ಐರನ್ನಿಟ್ಟು ಪ್ಲಗ್ ಮೇಜಿನ ಮೇಲೆ ಇಡ್ತಾರೇನೇ? ಫ್ಯಾಕ್ಟರೀಲಿ ಯಾರಾದ್ರೂ ಹೀಗೆ ಮಾಡಿದ್ರೆ ಅವಳ ಪಕ್ಕ ಒಬ್ರೂ ಕೂರ್ತಿರ್ಲಿಲ್ಲ, ಗೊತ್ತಾ? ಮಧ್ಯಾಹ್ನವಿಡೀ ಪ್ರಾಣ ಹೋದ ಹಾಗಿತ್ತಲ್ಲೇ ನಂಗೆ! ನೋಡ್ಕೊಂಡೇ ಇದ್ಯಲ್ಲ!” ಎಂದವಳು ಅಪ್ಪನ ಕಡೆ ತಿರುಗಿದಳು. “ನೀನೇನೋ ಬಿಟ್ಟ ಬಾಯಿ ಬಿಟ್ಕೊಂಡು ನಿಂತಿದೀಯ? ಅವನ ಕೈಯಿಂದ ಇಳಿಸ್ಕೊಳ್ಳೋ ಡಬ್ಬ!”

ಆ ಸಂಜೆ ಯಾರೂ ಪಿಟೀಲುವನ್ನು ಸಮಾಧಾನ ಮಾಡಲಿಲ್ಲ. ಅವಳಿಗೂ ಕ್ಷಮೆ ಕೇಳುವ ಧೈರ್ಯ ಬರಲಿಲ್ಲ.

ಎರಡು ವಾರವಾಯಿತು. ಬ್ಯಾಂಡೇಜು ಬಿಚ್ಚಿದರು. ಗಾಯ ಮಾಯ್ದಿತ್ತು.

“ಬಾರೇ, ಕೂತ್ಕೋ,” ಎಂದು ಅಜ್ಜಿ ಕರೆದಾಗ ಪಿಟೀಲು ಓಡಿಹೋಗಿ ಪಕ್ಕದ ಸ್ಟೂಲಿನಲ್ಲಿ ಕೂತಳು. ಅಜ್ಜಿ ಒಂದು ಟಾರ್ಚಿಗೆ ಬೆಸುಗೆ ಹಾಕಿ ಮುಗಿಸಿದಳು. ಐರನ್ ಸ್ಟ್ಯಾಂಡಿಗೆ ಹೋಯಿತು. ಪ್ಲಗ್ ಕೆಳಗೆ ನೇತಾಡಿತು. ಸ್ಪಾಂಜು ‘ಚುಂಯ್’ ಎಂದಿತು, ಆಮೇಲೆ ಸುಮ್ಮನಾಯಿತು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಇಬ್ಬರೂ ಕಾದರು. ಅಜ್ಜಿ ಪ್ಲಗ್ಗನ್ನು ಎತ್ತಿ ಮೇಜಿನ ಮೇಲಿಟ್ಟಳು.

ತುದಿ ಬದಲಾಯಿಸಲು ಅಜ್ಜಿ ಕೈ ಚಾಚಿದಳು. ಕೈ ಅರ್ಧ ದಾರಿಯಲ್ಲೇ ನಿಂತಿತು. ಅಜ್ಜಿ ಪ್ಲಗ್ ನೋಡಿದಳು, ಐರನ್ ನೋಡಿದಳು. ಹಿಡಿಕೆ ಹಿಡಿದು ಎತ್ತಿ, ಕೊಳವೆಯನ್ನು ಇನ್ನೊಮ್ಮೆ ಸ್ಪಾಂಜಿಗೆ ಒತ್ತಿದಳು. ಸದ್ದಿಲ್ಲ. ಆದರೂ ಒಂದೇ ಒಂದು ಬೆರಳಿನ ತುದಿಯಿಂದ, ಮುಟ್ಟಿದೆನೋ ಇಲ್ಲವೋ ಅನ್ನುವಂತೆ ಮುಟ್ಟಿ ನೋಡಿದಳು.

ಪ್ಲಗ್ಗನ್ನು ಅಲ್ಲಿಟ್ಟವಳು ಅಜ್ಜಿಯೇ. ಅದೂ ಈಗಷ್ಟೇ.

ಪಿಟೀಲು ಆ ಬೆರಳನ್ನೇ ನೋಡುತ್ತಿದ್ದಳು. ಮೂವತ್ತೊಂದು ವರ್ಷ ಕಣ್ಣು ಮುಚ್ಚಿಕೊಂಡು ಹಿಡಿದ ಕೈ ಅದು. ಗಾಯ ಮಾಯಲು ಎರಡು ವಾರ ಸಾಕಾಯಿತು. ಈ ಅಳುಕು ಹೋಗಲು ಎಷ್ಟು ದಿನ ಬೇಕೋ ಅವಳಿಗೆ ಗೊತ್ತಿರಲಿಲ್ಲ.

ಅವಳು ಸ್ಪಾಂಜಿನ ತಟ್ಟೆಯನ್ನು ಅಜ್ಜಿಯ ಕೈಗೆ ಇನ್ನಷ್ಟು ಹತ್ತಿರ ಸರಿಸಿದಳು.